ಗ್ರಾವಿಡಾ ಎಂಬ ತೂಕದ ಮಾತು

ಕೆಲವು ಇಂಗ್ಲಿಷ್ ಪದಗಳು ನಮ್ಮ ಮನೆಗೆ ಬಂದು ಎಷ್ಟೋ ವರ್ಷಗಳಾದರೂ ನಮ್ಮೊಡನೆ ಮಾತಿಗಿಳಿಯುವುದಿಲ್ಲ. ‘ಗ್ರಾವಿಡಾ’ ಅಂಥ ಒಂದು ಪದ. ಇದನ್ನು ದಿನಪತ್ರಿಕೆಯಲ್ಲಿ ಓದಿದವರು, ರೇಡಿಯೋದಲ್ಲಿ ಕೇಳಿದವರು ಸಿಗುವುದು ಕಷ್ಟ. ಇಂಗ್ಲಿಷ್ ಸಾಹಿತ್ಯ ಓದಿದವರನ್ನು ಕೇಳಿದರೂ ಒಂದು ಕ್ಷಣ ತಡವರಿಸಿಯಾರು. ಆದರೆ ಬಸುರಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ ನಮ್ಮಲ್ಲಿ ಹೆಚ್ಚಿನವರ ಚೀಟಿಯ ಮೇಲೆ ಇದು ಕೂತಿದೆ. ಹೆಸರು, ವಯಸ್ಸು, ಗಂಡನ ಹೆಸರು ಎಲ್ಲ ಬರೆದಾದ ಮೇಲೆ ಡಾಕ್ಟರಮ್ಮ ಬೇಗ ಬೇಗ ಒಂದು ಸಾಲು ಗೀಚುತ್ತಾರೆ: ಜಿ 2, ಪಿ 1, ಎಲ್ 1, ಎ 0. ಈ ಜಿ ಎಂಬುದೇ ಗ್ರಾವಿಡಾ. ಮೊದಲ ಸಲ ಬಸುರಾದವಳು ಪ್ರೈಮಿಗ್ರಾವಿಡಾ. ವಾರ್ಡಿನ ಓಡಾಟದ ಮಾತಿನಲ್ಲಿ ಅದು ಇನ್ನೂ ಸವೆದು ಬರೀ ‘ಪ್ರೈಮಿ’ ಆಗಿದೆ. ಕಿಟಕಿ ಪಕ್ಕದ ಪ್ರೈಮಿಗೆ ನೋವು ಶುರುವಾಯಿತು ಎಂದು ಒಬ್ಬ ನರ್ಸ್ ಇನ್ನೊಬ್ಬಳಿಗೆ ಹೇಳಿದರೆ, ಆ ಪ್ರೈಮಿ ತಾನೇ ಎಂದು ಮಂಚದ ಮೇಲಿರುವ ಹುಡುಗಿಗೆ ತಿಳಿಯುವುದಿಲ್ಲ.

ನಮ್ಮ ಬದುಕಿನ ಬಹು ದೊಡ್ಡ ಸಂಗತಿಗಳನ್ನು ಕುರಿತು, ನಮ್ಮದೇ ಹೆಸರಿನ ಕೆಳಗೆ ಬರೆದ ಸಾಲು ಇದು. ಕಾದಂಬರಿ ಓದುವ, ಪದಬಂಧ ಬಿಡಿಸುವ, ಮಕ್ಕಳಿಗೆ ಪಾಠ ಹೇಳಿಕೊಡುವ ನಾವು ಇದೊಂದನ್ನು ಮಾತ್ರ ಓದದೆ ಮಡಿಸಿ ಚೀಲದಲ್ಲಿಟ್ಟುಕೊಳ್ಳುತ್ತೇವೆ. ಕಥೆ, ಕವಿತೆ, ನಾಟಕಗಳಿಗೆಲ್ಲ ವಿಮರ್ಶಕರಿದ್ದಾರೆ. ನಾಲ್ಕು ಅಕ್ಷರ, ನಾಲ್ಕು ಅಂಕಿಗಳ ಈ ಪುಟ್ಟ ಬರಹಕ್ಕೂ ಒಂದು ವಿಮರ್ಶೆ ಸಲ್ಲಬೇಕಲ್ಲವೇ? ಹೆಣ್ಣಿನ ಬಗ್ಗೆ ಇಷ್ಟು ಕಡಿಮೆ ಜಾಗದಲ್ಲಿ ಇಷ್ಟೊಂದು ಹೇಳುವ ಬರಹ ಬೇರೊಂದು ಇರಲಾರದು.

ಮೊದಲು ಪದದ ಹುಟ್ಟನ್ನು ನೋಡೋಣ. ಗ್ರಾವಿಡಾ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ ‘ಗ್ರಾವಿಸ್’ ಎಂದರೆ ಭಾರವಾದದ್ದು. ಗ್ರಾವಿಡಾ ಎಂದರೆ ಭಾರ ಹೊತ್ತವಳು. ಭೂಮಿಯ ಸೆಳೆತಕ್ಕೆ ಗ್ರಾವಿಟಿ ಎನ್ನುತ್ತಾರಲ್ಲ, ಅದೂ ಇದೇ ಬೇರಿನದು. ದುಃಖಕ್ಕೆ ಇಂಗ್ಲಿಷಿನಲ್ಲಿರುವ ‘ಗ್ರೀಫ್’ ಎಂಬ ಮಾತು ಕೂಡ ಫ್ರೆಂಚ್ ಮನೆಯಲ್ಲಿ ಬೆಳೆದು ಬಂದ ಇದರ ತಂಗಿಯೇ. ಸಮಾಧಿಗೆ ಹೇಳುವ ‘ಗ್ರೇವ್’ ಮಾತ್ರ ಈ ಕುಟುಂಬದ್ದಲ್ಲ. ಅದರ ಬೇರು ಬೇರೆ, ಅಗೆಯುವುದು ಎಂಬ ಅರ್ಥದ್ದು. ಧ್ವನಿ ಒಂದೇ ತರಹ ಕೇಳುತ್ತದೆ ಎಂದು ಯಾರೂ ಬೆಚ್ಚಬೇಕಾಗಿಲ್ಲ.

ಇನ್ನೊಂದು ಸಂಬಂಧ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಲ್ಯಾಟಿನ್ನಿನ ಗ್ರಾವಿಸ್ ಮತ್ತು ಸಂಸ್ಕೃತದ ‘ಗುರು’ ಒಂದೇ ಮೂಲದ ಮಾತುಗಳು ಎಂಬುದು ಭಾಷಾಶಾಸ್ತ್ರಜ್ಞರೆಲ್ಲ ಒಪ್ಪಿದ ವಿಷಯ. ಗುರು ಎಂದರೆ ಮೊದಲ ಅರ್ಥ ಭಾರವಾದದ್ದು ಎಂದೇ. ಛಂದಸ್ಸಿನಲ್ಲಿ ಲಘು, ಗುರು ಎಂದು ನಾವೆಲ್ಲ ಶಾಲೆಯಲ್ಲಿ ಗೆರೆ ಹಾಕಿದ್ದೇವೆ. ‘ಗರಿಮೆ’ ಎನ್ನುತ್ತೇವಲ್ಲ, ಅದೂ ಇಲ್ಲಿಂದಲೇ. ಈ ಗುರುವಿನಿಂದಲೇ ಸಂಸ್ಕೃತದಲ್ಲಿ ‘ಗುರ್ವಿಣಿ’ ಎಂಬ ಪದ ಹುಟ್ಟಿದೆ. ಅದರ ಅರ್ಥ ಬಸುರಿ. ಅಮರಕೋಶ ಗರ್ಭಿಣಿಗೆ ಕೊಡುವ ಹೆಸರುಗಳಲ್ಲಿ ಅದೂ ಒಂದು. ಅಂದಮೇಲೆ ರೋಮಿನ ಗ್ರಾವಿಡಾ ಮತ್ತು ನಮ್ಮ ಗುರ್ವಿಣಿ ದೂರದ ಊರುಗಳಿಗೆ ಮದುವೆಯಾಗಿ ಹೋದ ಅಕ್ಕತಂಗಿಯರಿದ್ದ ಹಾಗೆ. ಒಬ್ಬಳು ಆಸ್ಪತ್ರೆಯ ಕಡತ ಸೇರಿದಳು, ಇನ್ನೊಬ್ಬಳು ನಿಘಂಟಿನಲ್ಲಿ ಉಳಿದುಕೊಂಡಳು.

ಹಿಂದಿಯವರು ಬಸುರಿಯನ್ನು ಕಾಲು ಭಾರವಾದವಳು ಎನ್ನುತ್ತಾರೆ. ಅಲ್ಲೂ ಭಾರವೇ. ಕನ್ನಡ ಮಾತ್ರ ಬೇರೆ ದಾರಿ ಹಿಡಿದಿದೆ. ‘ಬಸಿರು’ ಎಂದರೆ ಹಳಗನ್ನಡದಲ್ಲಿ ಹೊಟ್ಟೆ. ಬಸುರಿ ಎಂದರೆ ಹೊಟ್ಟೆಯುಳ್ಳವಳು. ಧಾರವಾಡದ ಕಡೆ ಇಂದಿಗೂ ‘ಹೊಟ್ಟೀಲೆ ಇದ್ದಾಳ’ ಎಂದುಬಿಟ್ಟರೆ ಮುಗಿಯಿತು. ಇನ್ನು ಮನೆಯ ಹಿರಿಯರು ‘ಎರಡು ಜೀವದವಳು, ಕೆಲಸ ಹೇಳಬೇಡಿ’ ಎನ್ನುತ್ತಾರಲ್ಲ, ಆ ಮಾತಿಗೆ ಬಹಳ ಹಳೆಯ ಬಳಗವಿದೆ. ಸುಶ್ರುತ ಸಂಹಿತೆ ನಾಲ್ಕನೆಯ ತಿಂಗಳಿನ ಬಸುರಿಯನ್ನು ‘ದೌಹೃದಿನಿ’ ಎಂದು ಕರೆಯುತ್ತದೆ, ಎಂದರೆ ಎರಡು ಹೃದಯದವಳು. ಅವಳ ಬಯಕೆ ಅವಳೊಬ್ಬಳದಲ್ಲ, ಒಳಗಿನ ಇನ್ನೊಂದು ಹೃದಯದ್ದೂ ಹೌದು, ಅದನ್ನು ತೀರಿಸಬೇಕು ಎಂದು ಅದು ವಿಧಿಸುತ್ತದೆ. ಬಯಕೆಯ ಊಟ ಹಾಕುವ ನಮ್ಮ ಪದ್ಧತಿಯೂ ಇದೇ ಭಾವದ್ದು. ಭಾರ, ಹೊಟ್ಟೆ, ಜೀವ, ಹೃದಯ, ಹೀಗೆ ಒಂದೇ ಸ್ಥಿತಿಗೆ ಎಷ್ಟೊಂದು ಕಣ್ಣುಗಳು! ವೈದ್ಯಶಾಸ್ತ್ರ ಆರಿಸಿಕೊಂಡದ್ದು ಇವುಗಳಲ್ಲಿ ಭಾರವನ್ನು. ಭಾರವನ್ನಾದರೆ ಎಣಿಸಬಹುದು, ಬಯಕೆಯನ್ನು ಎಣಿಸುವುದು ಹೇಗೆ?

ಈ ಆಯ್ಕೆಯಲ್ಲಿ ಒಂದು ಗುಣವಿದೆ, ಒಂದು ದೋಷವಿದೆ. ದೋಷವನ್ನು ಮೊದಲು ಹೇಳುತ್ತೇನೆ. ಈ ಪದಕ್ಕೆ ಮನುಷ್ಯರೇ ಬೇಕೆಂದಿಲ್ಲ. ತತ್ತಿ ತುಂಬಿದ ಮೀನೂ ‘ಗ್ರಾವಿಡ್’, ಮೊಟ್ಟೆಯಿಡಲು ನಿಂತ ನೀರು ಹುಡುಕುವ ಸೊಳ್ಳೆಯೂ ಗ್ರಾವಿಡ್. ಅಂಥ ಸೊಳ್ಳೆಗಳನ್ನು ಹಿಡಿಯುವ ಬೋನಿಗೆ ‘ಗ್ರಾವಿಡ್ ಟ್ರ್ಯಾಪ್’ ಎಂದೇ ಹೆಸರು. ಸೀಮಂತದ ಹಸಿರು ಬಳೆ ತೊಟ್ಟ ಹುಡುಗಿಯನ್ನೂ ಸೊಳ್ಳೆಯನ್ನೂ ಒಂದೇ ಮಾತಿನಲ್ಲಿ ಹಿಡಿಯುವುದು ವಿಜ್ಞಾನಕ್ಕೆ ತಪ್ಪಲ್ಲ, ಸಹಜ. ಆದರೆ ಆ ಹುಡುಗಿಯೊಡನೆ ಮಾತನಾಡುವ ಹೊತ್ತಿನಲ್ಲಿ ಬೇರೆ ಪದ ಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಗುಣ ಯಾವುದೆಂದು ತಿಳಿಯಲು ಆ ಸಾಲನ್ನು ಪೂರ್ತಿ ಬಿಡಿಸಬೇಕು. ಜಿ ಎಂದರೆ ಇದುವರೆಗೆ ಎಷ್ಟು ಸಲ ಬಸುರಾದಳು ಎಂಬ ಲೆಕ್ಕ, ಈಗಿನದೂ ಸೇರಿ. ಪಿ ಎಂದರೆ ‘ಪಾರಾ’. ಇದೂ ಲ್ಯಾಟಿನ್, ಹೆರು ಎಂಬ ಅರ್ಥದ ಧಾತುವಿನಿಂದ ಬಂದದ್ದು. ‘ಪೇರೆಂಟ್’ ಎಂಬ ಪರಿಚಿತ ಪದ ಇದರದೇ ಸಂತಾನ. ಮಗು ಬದುಕಿ ಉಳಿಯಬಲ್ಲಷ್ಟು ತಿಂಗಳು ತುಂಬಿದ ಮೇಲೆ ಆದ ಹೆರಿಗೆಗಳ ಸಂಖ್ಯೆ ಇದು. ಎಲ್ ಎಂದರೆ ಈಗ ಬದುಕಿರುವ ಮಕ್ಕಳು. ಎ ಎಂದರೆ ಅಬಾರ್ಷನ್, ದಿನ ತುಂಬುವ ಬಹಳ ಮೊದಲೇ ಕಳೆದುಹೋದವು. ಅವಳಿ ಮಕ್ಕಳಾದರೆ ಪಿ ಒಂದೇ, ಎಲ್ ಎರಡು. ಏಕೆಂದರೆ ಪಿ ಎಣಿಸುವುದು ಮಕ್ಕಳನ್ನಲ್ಲ, ಹೆರಿಗೆಯನ್ನು.

ಈ ಲೆಕ್ಕವನ್ನು ನಮ್ಮ ಪುರಾಣದ ತಾಯಂದಿರಿಗೆ ಹಚ್ಚಿ ನೋಡಿದರೆ ಅದರ ಶಕ್ತಿಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಗಾಂಧಾರಿಯದು ಸುಲಭ: ಜಿ 1, ಪಿ 1, ಎಲ್ 101. ನೂರು ಗಂಡು, ಒಬ್ಬಳು ದುಶ್ಶಲೆ. ಯಾವ ಡಾಕ್ಟರೂ ಇಂಥ ಚೀಟಿ ಬರೆದಿರಲಿಕ್ಕಿಲ್ಲ! ದೇವಕಿಯದು ಕಷ್ಟ. ಜಿ 8 ಸರಿ. ಏಳನೆಯದು ಇಳಿದುಹೋಯಿತು ಎಂದು ಮಥುರೆಯ ಜನ ಮರುಗಿದರು. ಹಾಗಾಗಿ ಎ 1 ಎಂದು ಬರೆದಿರುತ್ತಿದ್ದರು. ಆದರೆ ಆ ಗರ್ಭ ರೋಹಿಣಿಯ ಹೊಟ್ಟೆಗೆ ಹೋಗಿ ಬಲರಾಮನಾಗಿ ಹುಟ್ಟಿತು. ಹೊತ್ತು ಹೆತ್ತವಳಿಗೇ ಲೆಕ್ಕ ಎಂಬುದು ಗ್ರಾವಿಡಾದ ನಿಯಮ. ಆದ್ದರಿಂದ ಬಲರಾಮ ರೋಹಿಣಿಯ ಪಿಯಲ್ಲಿ ಸೇರುತ್ತಾನೆ. ಇಂದು ಬಾಡಿಗೆ ತಾಯ್ತನದಲ್ಲಿ ಹುಟ್ಟುವ ಮಕ್ಕಳ ಹೆರಿಗೆಯ ಲೆಕ್ಕವೂ ಹೊತ್ತವಳ ಕಡೆಗೇ ಹೋಗುತ್ತದೆ. ಇನ್ನು ಯಶೋದೆ. ಕೃಷ್ಣನಿಗೆ ಬೆಣ್ಣೆ ತಿನ್ನಿಸಿ, ಒರಳಿಗೆ ಕಟ್ಟಿ, ಅತ್ತು ಕಳಿಸಿದವಳು ಅವಳು. ಅವಳ ಚೀಟಿಯಲ್ಲಿ ಕೃಷ್ಣನಿಗೆ ಜಾಗವೇ ಇಲ್ಲ. ಹೆರಿಗೆಯ ಲೆಕ್ಕ ಬೇರೆ, ತಾಯ್ತನದ ಲೆಕ್ಕ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರ ತಿಳಿಸೀತು?

ಆದರೆ ಹೆರಿಗೆಯ ಲೆಕ್ಕವಾದರೂ ಎಲ್ಲ ಕಡೆ ಒಂದೇ ಎಂದು ತಿಳಿಯಬಾರದು. ಎಷ್ಟು ವಾರ ತುಂಬಿದ ಮೇಲೆ ಎ ಮುಗಿದು ಪಿ ಶುರುವಾಗುತ್ತದೆ ಎಂಬ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದುಕೊಂಡಿದೆ. ನಮ್ಮ ವೈದ್ಯಕೀಯ ಪಠ್ಯಗಳಲ್ಲಿ ಬಹುಕಾಲ ಅದು 28 ವಾರ. ಇಂಗ್ಲೆಂಡಿನಲ್ಲೂ ಹಾಗೇ ಇದ್ದು, 1992ರಲ್ಲಿ ಕಾನೂನಿನಿಂದ 24 ವಾರಕ್ಕೆ ಇಳಿಯಿತು. ಅಮೆರಿಕದಲ್ಲಿ ಸಾಮಾನ್ಯವಾಗಿ 20 ವಾರ. ಐದೂವರೆ ತಿಂಗಳಿಗೆ ಮಗುವನ್ನು ಕಳೆದುಕೊಂಡ ಹೆಂಗಸು ಒಂದು ದೇಶದ ಚೀಟಿಯಲ್ಲಿ ಹೆತ್ತವಳು, ಇನ್ನೊಂದರ ಚೀಟಿಯಲ್ಲಿ ಬರೀ ಎ. ಅವಳ ಎದೆಯಲ್ಲಿ ಹಾಲು ಇಳಿಯುವುದಕ್ಕೆ ಮಾತ್ರ ಈ ಗೆರೆ ಗೊತ್ತಿರುವುದಿಲ್ಲ.

ಪದವನ್ನು ಬಳಸುವವರೂ ಸಡಿಲವಾಗಿಯೇ ಬಳಸುತ್ತಾರೆ. ಪ್ರೈಮಿಗ್ರಾವಿಡಾ ಎಂದರೆ ಮೊದಲ ಸಲ ಬಸುರಾದವಳು. ಪ್ರೈಮಿಪಾರಾ ಎಂದರೆ ಒಂದು ಸಲ ಹೆತ್ತವಳು. ಇವೆರಡೂ ಬೇರೆ. ‘ಪ್ರೈಮಿ’ ಎಂದು ತುಂಡು ಮಾಡಿದ ಕೂಡಲೇ ಎರಡೂ ಒಂದಾಗಿ ಕಲಸಿಹೋಗುತ್ತವೆ. ಕನ್ನಡದ ಆರೋಗ್ಯ ಪುಸ್ತಕಗಳು ಇದನ್ನು ‘ಚೊಚ್ಚಲ ಗರ್ಭಿಣಿ’ ಎಂದರೆ ಗೊಂದಲ ಇನ್ನೊಂದು ಸುತ್ತು ಸುತ್ತುತ್ತದೆ. ನಮ್ಮ ‘ಚೊಚ್ಚಲು’ ನಿಜವಾಗಿ ಅಂಟಿಕೊಂಡಿರುವುದು ಹೆರಿಗೆಗೆ: ಚೊಚ್ಚಲ ಹೆರಿಗೆ, ಚೊಚ್ಚಲ ಮಗು, ತವರಿನವರು ಮಾಡುವ ಚೊಚ್ಚಲ ಬಾಣಂತನ. ಮೊದಲಿನದು ಮೂರು ತಿಂಗಳಿಗೆ ಇಳಿದುಹೋಗಿ ಎರಡನೆಯದು ನಿಂತರೂ ಮನೆಯವರ ಬಾಯಲ್ಲಿ ಅದು ಚೊಚ್ಚಲೇ. ಆಸ್ಪತ್ರೆಯಲ್ಲಿ ಅವಳು ಜಿ 2. ಮನೆ ಮರೆತದ್ದನ್ನು ಚೀಟಿ ನೆನಪಿಟ್ಟಿರುತ್ತದೆ. ಇದೇ ನಾನು ಹೇಳಹೊರಟ ಗುಣ. ಅಪಾಯವಿರುವುದೂ ಇಲ್ಲಿಯೇ.

ಅಪಾಯ ಹೇಗೆಂದು ನೋಡಿ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಸೊಸೆ ಕೂತಿದ್ದಾಳೆ, ಪಕ್ಕದಲ್ಲಿ ಅತ್ತೆ. ಮೇಜಿನ ಆಚೆಯಿಂದ ನರ್ಸ್ ಎಲ್ಲರಿಗೂ ಕೇಳುವಂತೆ, ‘ಎಷ್ಟನೇದಮ್ಮಾ?’ ಎನ್ನುತ್ತಾಳೆ. ಸೊಸೆ ತಲೆ ತಗ್ಗಿಸಿ, ‘ಮೊದಲನೇದು’ ಎನ್ನುತ್ತಾಳೆ. ಅದು ಮೊದಲನೆಯದೇ ಇರಬಹುದು, ಇಲ್ಲದೆಯೂ ಇರಬಹುದು. ಆ ಜಾಗದಲ್ಲಿ, ಆ ಸ್ವರದಲ್ಲಿ ಕೇಳಿದ ಪ್ರಶ್ನೆಗೆ ಬೇರೆ ಉತ್ತರ ಬರುವುದು ಕಷ್ಟ. ಜಿ 1 ಎಂದು ಬರೆದುಕೊಳ್ಳುತ್ತಾರೆ. ಇದರಿಂದ ಏನು ಮುಳುಗಿತು ಎನ್ನುವಿರಾ? ಅವಳ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಮುಳುಗುವುದು ಬಹಳವಿದೆ. ಹಿಂದೆ ಕಳೆದುಹೋದ ಗರ್ಭ ಆರ್‌ಎಚ್ ಪಾಸಿಟಿವ್ ಇದ್ದು, ಅದರ ರಕ್ತ ತಾಯಿಯ ರಕ್ತಕ್ಕೆ ಸೇರಿದ್ದರೆ, ತಾಯಿಯ ದೇಹ ಅದರ ವಿರುದ್ಧ ಆಯುಧ ತಯಾರಿಸಿಟ್ಟುಕೊಂಡಿರಬಹುದು. ಮುಂದಿನ ಮಗುವಿನ ರಕ್ತವೂ ಪಾಸಿಟಿವ್ ಆದರೆ ಆ ಆಯುಧ ಅದರ ಮೇಲೆ ಬೀಳುತ್ತದೆ. ಇದನ್ನು ತಡೆಯುವ ಆಂಟಿ–ಡಿ ಚುಚ್ಚುಮದ್ದು 1968ರಿಂದ ಬಳಕೆಯಲ್ಲಿದೆ. ಹೆರಿಗೆಯಾಗಲಿ, ಗರ್ಭ ಇಳಿದುಹೋಗುವುದಾಗಲಿ, ಆದ 72 ಗಂಟೆಗಳೊಳಗೆ ಕೊಟ್ಟರೆ ಉತ್ತಮ. ಆದರೆ ಹಿಂದೆ ಏನಾಗಿತ್ತೆಂದು ಡಾಕ್ಟರಿಗೆ ತಿಳಿದಿರಬೇಕು. ಒಂದು ಎಂದು ಬರೆದ ಜಾಗದಲ್ಲಿ ಎರಡು ಇರಬೇಕಾಗಿತ್ತು ಎಂಬುದರ ಮೇಲೆ ಒಂದು ಮಗುವಿನ ಜೀವ ನಿಂತಿರಬಹುದು.

ಆದ್ದರಿಂದ ಡಾಕ್ಟರಿಗೆ ನಿಜ ಹೇಳಿ ಎಂದು ಹೆಂಗಸರಿಗೆ ಉಪದೇಶ ಮಾಡಿ ಸುಮ್ಮನಾಗುವುದು ಸುಲಭ. ನಿಜ ಹೇಳಬಹುದಾದ ಜಾಗವನ್ನು ಮೊದಲು ಕೊಡಬೇಕು. 1971ರ ಗರ್ಭಪಾತ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾದಾಗ, ಗರ್ಭ ತೆಗೆಸಿಕೊಂಡವಳ ಹೆಸರು ವಿವರಗಳನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ಬಹಿರಂಗಪಡಿಸಬಾರದು ಎಂಬ ಕಟ್ಟಳೆ ಸೇರಿತು. ಕಾಗದದ ಮೇಲೆ ಬಂದ ಈ ಮರ್ಯಾದೆ ಬೆಂಚಿನ ಬಳಿಗೂ ಬರಬೇಕು. ಅತ್ತೆಯನ್ನು ‘ಅಮ್ಮಾ, ಸ್ವಲ್ಪ ಹೊರಗೆ ಕೂತಿರಿ’ ಎಂದು ವಿನಯದಿಂದ ಕಳಿಸಿ ಎರಡು ನಿಮಿಷ ಒಬ್ಬಳನ್ನೇ ಕೇಳುವುದಕ್ಕೆ ಯಂತ್ರ ಬೇಡ, ದುಡ್ಡು ಬೇಡ.

ಎ ಎಂಬ ಅಕ್ಷರದ ಬಗ್ಗೆ ನನ್ನ ದೊಡ್ಡ ತಕರಾರಿದೆ. ತಾನಾಗಿ ಕಳೆದುಹೋದದ್ದನ್ನೂ ತೆಗೆಸಿದ್ದನ್ನೂ ಅದು ಒಂದೇ ಮನೆಯಲ್ಲಿ ಹಾಕುತ್ತದೆ. ವೈದ್ಯರ ಪರಿಭಾಷೆಯಲ್ಲಿ ಅಬಾರ್ಷನ್ ಎಂದರೆ ಎರಡೂ. ಹೊರಗಿನವರ ಕಿವಿಗೆ ಎರಡನೆಯದು ಮಾತ್ರ ಕೇಳುತ್ತದೆ. 1985ರಲ್ಲಿ ಲಂಡನ್ನಿನ ಮೂವರು ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು, ತಾನಾಗಿ ಆದ ನಷ್ಟಕ್ಕೆ ‘ಮಿಸ್‌ಕ್ಯಾರಿಜ್’ ಎಂದೇ ಹೇಳೋಣ, ದುಃಖದಲ್ಲಿರುವವಳನ್ನು ಇನ್ನೊಂದು ಪದದಿಂದ ನೋಯಿಸುವುದು ಬೇಡ ಎಂದು ಕೇಳಿಕೊಂಡರು. ಇಂಗ್ಲೆಂಡಿನ ವೈದ್ಯರ ಮಾತು ಅಲ್ಲಿಂದ ಮುಂದೆ ನಿಧಾನವಾಗಿ ಬದಲಾಯಿತು. ನಮ್ಮ ಚೀಟಿಗಳಲ್ಲಿ ಎ ಕೂತ ಕಡೆಯೇ ಕೂತಿದೆ.

ಇಲ್ಲಿ ನಮ್ಮ ನಾಡಿನ ಮಾತು ಹೆಚ್ಚು ಸೂಕ್ಷ್ಮ. ಆಯುರ್ವೇದ ನಾಲ್ಕನೆಯ ತಿಂಗಳವರೆಗಿನದನ್ನು ಗರ್ಭಸ್ರಾವ, ಐದು ಆರನೆಯ ತಿಂಗಳಿನದನ್ನು ಗರ್ಭಪಾತ ಎಂದು ಬೇರ್ಪಡಿಸುತ್ತದೆ. ಅದು ತಿಂಗಳಿನ ಭೇದ. ಮನೆಯ ಹೆಂಗಸರ ಮಾತಿನಲ್ಲಿ ಇರುವುದು ಕಾರಣದ ಭೇದ. ‘ಇಳೀತು’, ‘ನಿಲ್ಲಲಿಲ್ಲ’ ಎಂದರೆ ಒಂದು. ‘ತೆಗೆಸಿದರು’ ಎಂದರೆ ಇನ್ನೊಂದು. ಇಂಗ್ಲಿಷ್ ಪದವನ್ನೇ ಎತ್ತಿಕೊಂಡಾಗಲೂ ನಮ್ಮವರು ‘ಅಬಾರ್ಷನ್ ಆಯ್ತು’, ‘ಅಬಾರ್ಷನ್ ಮಾಡಿಸಿಕೊಂಡಳು’ ಎಂದು ಕನ್ನಡದ ಕ್ರಿಯಾಪದದಿಂದ ಅದನ್ನು ಎರಡಾಗಿ ಸೀಳಿಬಿಡುತ್ತಾರೆ. ‘ಆಯ್ತು’ ಎನ್ನುವುದರಲ್ಲಿ ಅವಳ ಮೇಲೆ ಹೊಣೆ ಇಲ್ಲ. ನಿಜವೂ ಹಾಗೆಯೇ. ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ ಸುಮಾರು 10ರಿಂದ 20 ತಾವಾಗಿ ಕಳೆದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಅಂಥವುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇದ್ದ ಏರುಪೇರು. ಅವಳು ಬಿಂದಿಗೆ ಎತ್ತಿದ್ದಲ್ಲ, ಬಸ್ಸಿನಲ್ಲಿ ಕುಲುಕಿದ್ದಲ್ಲ, ಯಾರದೋ ಕಣ್ಣು ಬಿದ್ದದ್ದೂ ಅಲ್ಲ. ಎ ಎಂಬ ಅಕ್ಷರ ಇದನ್ನು ಹೇಳುವುದಿಲ್ಲ. ಹೇಳಬೇಕಾದವರು ಹೇಳದಿದ್ದರೆ ಆ ಹೆಂಗಸು ಹತ್ತು ವರ್ಷ ಬಿಂದಿಗೆಯನ್ನೇ ನೆನೆದು ಅಳುತ್ತಾಳೆ.

ಇನ್ನು ಗ್ರಾವಿಡಾ, ಪಾರಾಗಳ ಹಿಂದೆ ಅಂಟಿಸುವ ವಿಶೇಷಣಗಳನ್ನು ನೋಡಿ. ಮೂವತ್ತೈದು ತುಂಬಿ ಮೊದಲ ಸಲ ಬಸುರಾದರೆ ‘ಎಲ್ಡರ್ಲಿ ಪ್ರೈಮಿಗ್ರಾವಿಡಾ’, ಎಂದರೆ ವೃದ್ಧ ಚೊಚ್ಚಲು! ನಮ್ಮ ವೈದ್ಯಕೀಯ ಪಠ್ಯಗಳು ಇನ್ನೂ ಕೈ ಬಿಗಿ ಮಾಡಿ ಮೂವತ್ತಕ್ಕೇ ಈ ಪಟ್ಟ ಕಟ್ಟಿದ್ದವು. ಸರಕಾರದ ಲೆಕ್ಕದಲ್ಲಿ ಹಿರಿಯ ನಾಗರಿಕರಾಗಲು ಅರವತ್ತು ತುಂಬಬೇಕು. ಹೆಣ್ಣಿನ ಗರ್ಭಕೋಶಕ್ಕೆ ಆ ಗೌರವ ಅರ್ಧ ವಯಸ್ಸಿಗೇ ಸಿಗುತ್ತದೆ. ವಯಸ್ಸು ಏರಿದಂತೆ ರಕ್ತದೊತ್ತಡ, ಸಕ್ಕರೆ, ಮಗುವಿನ ವರ್ಣತಂತುಗಳ ದೋಷ ಇವುಗಳ ಸಂಭವ ಹೆಚ್ಚುವುದು ನಿಜ. ಎಚ್ಚರ ಬೇಕಾದದ್ದೂ ನಿಜ. ಆದರೆ ಓದು ಮುಗಿಸಿ, ತಮ್ಮಂದಿರನ್ನು ದಡ ಹತ್ತಿಸಿ, ತಡವಾಗಿ ಮದುವೆಯಾದವಳಿಗೆ ವೃದ್ಧೆ ಎಂಬ ಬಿರುದಿನಿಂದ ಯಾವ ಚಿಕಿತ್ಸೆ ಆಗುತ್ತದೆ? ಈಗೀಗ ಅನೇಕ ವೈದ್ಯರು ವಯಸ್ಸಿನ ಅಂಕಿಯನ್ನಷ್ಟೇ ಬರೆದು ಸುಮ್ಮನಾಗುತ್ತಾರೆ. ಅದು ಸಾಕು.

ಐದು ಅಥವಾ ಅದಕ್ಕಿಂತ ಹೆಚ್ಚು ಹೆತ್ತವಳು ‘ಗ್ರ್ಯಾಂಡ್ ಮಲ್ಟಿಪಾರಾ’. ಕೇಳುವುದಕ್ಕೆ ಮೆರವಣಿಗೆ ಹೊರಟ ಹಾಗಿದೆ. 1934ರಲ್ಲಿ ಡಬ್ಲಿನ್ನಿನ ಹೆಸರಾಂತ ಪ್ರಸೂತಿ ವೈದ್ಯ ಬೆಥೆಲ್ ಸಾಲಮನ್ಸ್ ಬಹಳ ಹೆತ್ತವರ ಬಗ್ಗೆ ಬರೆದ ಲೇಖನಕ್ಕೆ ‘ಅಪಾಯಕಾರಿ ಮಲ್ಟಿಪಾರಾ’ ಎಂಬರ್ಥದ ತಲೆಬರಹ ಕೊಟ್ಟರು. ಹೆರಿಗೆ ಹೆಚ್ಚಿದಷ್ಟೂ ತಾಯಿಗೆ ಗಂಡಾಂತರ ಹೆಚ್ಚು, ಅವಳಿಗೆ ಅಭ್ಯಾಸವಾಗಿದೆ ಎಂದು ಅಲಕ್ಷ್ಯ ಮಾಡಬೇಡಿ ಎಂಬುದು ಅವರ ಕಾಳಜಿ. ಕಾಳಜಿ ಸರಿಯೇ. ಪದ ಮಾತ್ರ ತಿರುಗುಮುರುಗಾಯಿತು. ಅಪಾಯದಲ್ಲಿ ಇರುವವಳು ಅವಳು. ಅಪಾಯಕಾರಿ ಎಂದು ಹೆಸರು ಬಂದದ್ದೂ ಅವಳಿಗೇ! ಐದೋ ಆರೋ ಸಲ ಆ ಭಾರ ಹೊರಿಸಿದವನಿಗೆ ಲ್ಯಾಟಿನ್ನಿನಲ್ಲಿ ಯಾವ ಅಕ್ಷರವೂ ಇಲ್ಲ.

ಹಾಗೆಂದು ಲ್ಯಾಟಿನ್ ಎಲ್ಲ ಕಡೆಯೂ ನಿರ್ದಯಿ, ಕನ್ನಡ ಎಲ್ಲ ಕಡೆಯೂ ಕರುಣಾಳು ಎಂದು ನಾನು ವಾದಿಸುತ್ತಿಲ್ಲ. ಹೆರದವಳಿಗೆ ವೈದ್ಯರು ಹೇಳುವ ಪದ ‘ನಲ್ಲಿಪಾರಾ’. ಹೆರಿಗೆ ಸೊನ್ನೆ, ಅಷ್ಟೇ. ಹೆರಲಾರಳು ಎಂದು ಅದು ಹೇಳುವುದಿಲ್ಲ, ಹೆರಬೇಕಿತ್ತು ಎಂದೂ ಹೇಳುವುದಿಲ್ಲ. ಅದೇ ಹೆಂಗಸಿಗೆ ನಾವು ಕನ್ನಡದಲ್ಲಿ ಇಟ್ಟ ಹೆಸರು ‘ಬಂಜೆ’. ಆ ಎರಡಕ್ಷರ ಎಷ್ಟು ಆರತಿ ತಟ್ಟೆಗಳ ಮುಂದಿನಿಂದ ಎಷ್ಟು ಜನರನ್ನು ಹಿಂದೆ ಸರಿಸಿದೆ ಎಂಬುದು ನಿಮಗೆ ನನಗೆ ಗೊತ್ತು. ಕೊರತೆ ಗಂಡನಲ್ಲೇ ಇದ್ದಾಗಲೂ ಮಾತು ಹೋಗಿ ತಾಗುವುದು ಅವಳಿಗೆ. ಈ ಒಂದು ಕಡೆ ಪರಭಾಷೆಯ ತಣ್ಣನೆಯ ಪದವೇ ಮಾನವೀಯವಾದದ್ದು.

ಇನ್ನೂ ಒಂದು ಕಡೆ ಈ ಚೀಟಿಯ ಪರವಾಗಿ ನಿಲ್ಲಬೇಕಾಗುತ್ತದೆ. ದಿನ ತುಂಬಿ, ಹೆತ್ತು, ಮಗು ಉಳಿಯದೆ ಹೋದವಳ ಸಾಲು ಹೀಗಿರುತ್ತದೆ: ಪಿ 1, ಎಲ್ 0. ಮದುವೆ ಮುಂಜಿಗಳಲ್ಲಿ ‘ಎಷ್ಟು ಮಕ್ಕಳು?’ ಎಂದು ಕೇಳಿದರೆ ಅವಳು ‘ಇಲ್ಲ’ ಎನ್ನುತ್ತಾಳೆ, ಅಥವಾ ಪಕ್ಕದಲ್ಲಿದ್ದವರು ಅವಳ ಪರವಾಗಿ ಮಾತು ತೇಲಿಸುತ್ತಾರೆ. ಆ ಮಗುವಿಗೆ ನಾಮಕರಣವಿಲ್ಲ, ಫೋಟೋ ಇಲ್ಲ, ಮನೆಯಲ್ಲಿ ಅದರ ಮಾತೆತ್ತುವಂತಿಲ್ಲ. ಅವಳು ಹೆತ್ತಿದ್ದಾಳೆ ಎಂದು ಒಪ್ಪಿಕೊಂಡಿರುವ ಬರಹ ಆ ಚೀಟಿಯೊಂದೇ ಇರಬಹುದು. ಪಿ 1 ಎಂಬುದನ್ನು ಯಾರಾದರೂ ಅವಳಿಗೆ ಓದಿ ಹೇಳಿದರೆ, ‘ನೀವು ಒಂದು ಮಗುವನ್ನು ಹೆತ್ತವರು’ ಎಂದು ಹೇಳಿದರೆ, ಅದೂ ಒಂದು ಸಾಂತ್ವನವೇ.

ಈ ಸಾಲು ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಮನಸ್ಸಿಗೆ ಅದರಲ್ಲಿ ಅಕ್ಷರವಿಲ್ಲ. ನಮ್ಮ ಅಜ್ಜಿಯರಿಗೆ ‘ಬಾಣಂತಿ ಸನ್ನಿ’ ಎಂಬ ಮಾತು ಗೊತ್ತಿತ್ತು, ಆದರೆ ಮದ್ದು ಗೊತ್ತಿರಲಿಲ್ಲ. ಅದನ್ನು ಕನ್ನಡದ ಮನೆ ಮನೆಯ ಮಾತಾಗಿ ಮಾಡಿದವರು ತ್ರಿವೇಣಿ. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ಬಳಿಕ ಮನಸ್ಸಿನ ಹಿಡಿತ ತಪ್ಪಿ, ಚಿಕಿತ್ಸೆ ಪಡೆದು ಗುಣವಾಗಿ ಬಂದರೂ, ಸುತ್ತಲಿನವರ ಸಂಶಯದಲ್ಲಿ ಮತ್ತೆ ಮುರಿಯುತ್ತಾಳೆ. 1971ರ ಪುಟ್ಟಣ್ಣನವರ ಚಿತ್ರದಲ್ಲಿ ಕಲ್ಪನಾ ಅವಳಾಗಿ ನಟಿಸಿದ್ದನ್ನು ಮರೆತವರುಂಟೆ? ಆ ಕಥೆ ಬರೆದ ತ್ರಿವೇಣಿಯವರೇ 1963ರಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಂದಿನ ಯಾವ ಚೀಟಿಯಲ್ಲಿ ಬರೆದರೂ ಅವರದು ಪಿ, ಎಲ್ ಎರಡೂ ಸರಿಯಿರುವ, ಒಳ್ಳೆಯ ಸಾಲೇ. ತಾಯಿ ಉಳಿದಳೇ ಎಂದು ಕೇಳುವ ಅಕ್ಷರ ಅದರಲ್ಲಿಲ್ಲ. 1987ರಲ್ಲಿ ಎಡಿನ್‌ಬರೋ ಹೆಸರಿನ ಹತ್ತು ಪ್ರಶ್ನೆಗಳ ಪಟ್ಟಿ ಬಂದ ಮೇಲೆ ಬಾಣಂತಿಯ ಮನಸ್ಸನ್ನೂ ಕೇಳಿ ತಿಳಿಯುವ ಒಂದು ಸರಳ ದಾರಿ ವೈದ್ಯರ ಕೈಗೆ ಸಿಕ್ಕಿತು. ಆ ಹತ್ತು ಪ್ರಶ್ನೆ ಕೇಳುವ ಪುರಸೊತ್ತು ಎಷ್ಟು ಕಡೆ ಇದೆ ಎಂಬುದು ಬೇರೆ ಮಾತು.

ಹಾಗಾದರೆ ಈ ಪದಗಳನ್ನು ಕಿತ್ತೆಸೆಯೋಣವೇ? ಬೇಡ. ಎಲ್ಲಿಂದಲೋ ರಾತ್ರಿ ಹನ್ನೆರಡಕ್ಕೆ ಬಂದ ಬಸುರಿಯ ಚೀಟಿ ನೋಡಿ, ಅವಳನ್ನು ಎಂದೂ ಕಂಡಿರದ ಡಾಕ್ಟರ್ ಅರ್ಧ ನಿಮಿಷದಲ್ಲಿ ಎಚ್ಚರಗೊಳ್ಳಬೇಕಾದರೆ ಇಂಥ ಬಿಗಿಯಾದ ಸಾಲೇ ಬೇಕು. ಜಿ 4, ಪಿ 1, ಎಲ್ 0, ಎ 2 ಎಂಬುದನ್ನು ಓದಿದ ಒಳ್ಳೆಯ ವೈದ್ಯೆ ಅವಳ ಕೈಯನ್ನು ಇನ್ನಷ್ಟು ಮೆತ್ತಗೆ ಹಿಡಿದುಕೊಳ್ಳುತ್ತಾಳೆ. ನನ್ನ ಆಕ್ಷೇಪಣೆ ಪದದ ಮೇಲಲ್ಲ, ಪದದ ಸುತ್ತಲಿನ ಮೌನದ ಮೇಲೆ. ಡಾಕ್ಟರೂ ಸಾಹಿತಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕ ಬರೆದು, ಹೆರಿಗೆಯ ವಿಷಯವನ್ನು ನಾಚಿಕೆಯಿಲ್ಲದೆ, ಅಂಜಿಸದೆ, ನಮ್ಮ ಮಾತಿನಲ್ಲೇ ಹೇಳಬಹುದೆಂದು ತೋರಿಸಿಕೊಟ್ಟರು. ಅವರು ತೀರಿಕೊಂಡದ್ದು 1991ರಲ್ಲಿ. ಅವರು ಪುಸ್ತಕದಲ್ಲಿ ಮಾಡಿದ್ದನ್ನು ಆಸ್ಪತ್ರೆಯ ಮೇಜಿನ ಮೇಲೆ ಮಾಡಲು ತಡವೇಕೆ?

ಡಾಕ್ಟರರು ಮಾಡುವವರೆಗೆ ನಾವು ಕಾಯಬೇಕಾಗಿಯೂ ಇಲ್ಲ. ತಾಯಿ ಕಾರ್ಡೋ ಆಸ್ಪತ್ರೆಯ ಕಡತವೋ ಕೈಗೆ ಬಂದಾಗ, ‘ಇದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀರಿ, ಓದಿ ಹೇಳಿ’ ಎಂದು ಕೇಳಬಹುದು. ಲೆಕ್ಕ ತಪ್ಪಿದ್ದರೆ ಒಬ್ಬರೇ ಇದ್ದಾಗ ತಿದ್ದಿಸಬಹುದು. ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋದವರು ಆ ಪ್ರಶ್ನೆಯ ಹೊತ್ತಿಗೆ ತಾವಾಗಿಯೇ ಎದ್ದು ಹೊರಗೆ ಹೋಗಿ ಕೂರಬಹುದು. ಜಿ ಎಂದರೆ ಹೊತ್ತದ್ದು, ಪಿ ಎಂದರೆ ಹೆತ್ತದ್ದು, ಎಲ್ ಎಂದರೆ ಉಳಿದದ್ದು, ಎ ಎಂದರೆ ಕಳೆದದ್ದು. ಹೀಗೆ ನಾಲ್ಕೇ ಕನ್ನಡ ಮಾತುಗಳಲ್ಲಿ ಮುಗಿಯುವ ಪಾಠ ಇದು. ಭಾರ ಎಂಬ ಅರ್ಥದ ಬೇರಿನಿಂದಲೇ ಗರಿಮೆ ಎಂಬ ಮಾತೂ ಹುಟ್ಟಿದೆ ಎಂದು ಆಗಲೇ ಹೇಳಿದೆ. ಭಾರ ಹೊತ್ತವಳಿಗೆ ಆ ಗರಿಮೆಯೂ ಸಲ್ಲಬೇಕಾದರೆ, ತನ್ನ ಲೆಕ್ಕವನ್ನು ತಾನೇ ಓದಬಲ್ಲವಳಾಗುವುದು ಮೊದಲ ಹೆಜ್ಜೆ.